ಎಂಟನೆಯ ಬಟ್ಟೆ

ಚಿಕ್ಕವಳನ್ನು ಮಣ್ಣು ಮಾಡಿ ಬಂದ ಮೂರನೆಯ ದಿನ ಬೆಳಿಗ್ಗೆ ಮೇಸ್ತ್ರಿ ಬಾಗಿಲಿಗೆ ಬಂದ. ಕೈಯಲ್ಲಿ ಮಡಿಸಿದ ಕಾಗದ ಇತ್ತು. ಹೊಸ್ತಿಲ ಹೊರಗೇ ನಿಂತ. ಒಳಗೆ ಬಂದರೆ ಕೂರಬೇಕು, ಕೂತರೆ ಅವ್ವನ ಮುಖ ನೋಡಬೇಕು. ಅದು ಅವನಿಗೆ ಬೇಡವಾಗಿತ್ತು.

ದೊಡ್ಡವಳು ಒಲೆಯ ಮುಂದೆ ಕೂತಿದ್ದಳು. ಒಲೆ ಹಚ್ಚಿರಲಿಲ್ಲ. ಮೂರು ದಿನದಿಂದ ಅವಳಿಗೆ ಅಳು ಬಂದಿರಲಿಲ್ಲ, ಹಸಿವೂ ಆಗಿರಲಿಲ್ಲ. ಕೈಕಾಲು ಹೇಳಿದ ಕೆಲಸ ಮಾಡುತ್ತಿದ್ದವು. ನೀರು ತಾ ಅಂದರೆ ತರುತ್ತಿದ್ದಳು, ಕೊಡ ಇಳಿಸೇ ಅನ್ನುವವರೆಗೆ ಸೊಂಟದ ಮೇಲೆ ಹೊತ್ತು ನಿಂತೇ ಇರುತ್ತಿದ್ದಳು. ಓಣಿಯ ಹೆಂಗಸರು ಬಂದು, ಇವಳನ್ನು ಹೇಗಾದರೂ ಮಾಡಿ ಅಳಿಸಿ, ಇಲ್ಲವಾದರೆ ಎದೆ ಕಲ್ಲಾಗಿಬಿಡುತ್ತೆ ಅಂತ ಅವ್ವನಿಗೆ ಹೇಳಿ ಹೋಗಿದ್ದರು. ಅಳುವವಳು ಹೇಳಿಸಿಕೊಂಡು ಅಳುತ್ತಾಳೆಯೇ ಅಂತ ಅವ್ವ ಸುಮ್ಮನಾಗಿದ್ದಳು.

ಮೇಸ್ತ್ರಿ ಎರಡು ಮಾತು ಹೇಳಲು ಬಂದಿದ್ದ. ಒಂದು, ಆಕಾಶಕ್ಕೆ ಹಾರಿಸುವ ನೌಕೆಯ ಇಂಧನದ ಟ್ಯಾಂಕನ್ನು ಒಳಗಿನಿಂದ ಮತ್ತೆ ಒರೆಸಬೇಕು. ಹಾರಿಸುವ ದಿನಕ್ಕೆ ಹನ್ನೆರಡೇ ದಿನ ಉಳಿದಿದೆ. ಆ ಬಾಯಿಯಲ್ಲಿ ಹಿಡಿಸುವ ಮೈ, ಆ ಕೆಲಸ ಬಲ್ಲ ಕೈ, ಈಗ ಇರುವುದು ದೊಡ್ಡವಳದೊಂದೇ. ಎರಡನೆಯದು ಕಾಗದ. ಅದಕ್ಕೆ ಅವ್ವ ಮತ್ತು ದೊಡ್ಡವಳು ಇಬ್ಬರೂ ಹೆಬ್ಬೆಟ್ಟು ಒತ್ತಬೇಕು. ಒತ್ತಿದರೆ ದೊಡ್ಡವಳಿಗೆ ಕಾಯಂ ಕೆಲಸ, ಈ ಲೈನ್ ಮನೆಯೂ ಇವರಿಗೇ ಇರುತ್ತದೆ. ಒತ್ತದಿದ್ದರೆ ಮನೆ ಗುತ್ತಿಗೆದಾರರದು, ಅವರಿಷ್ಟ.

ಏನಂತ ಬರೆದಿದೆ ಓದು ಅಂದಳು ಅವ್ವ. ಮೇಸ್ತ್ರಿ ಕಾಗದ ಬಿಡಿಸಿ ಓದಿದ. "ಕೆಲಸದ ಆದೇಶವಿಲ್ಲದೆ, ಯಾರಿಗೂ ತಿಳಿಸದೆ, ತಂಪಿನಲ್ಲಿ ವಿಶ್ರಾಂತಿ ಪಡೆಯುವ ಸಲುವಾಗಿ ತಾನಾಗಿಯೇ ಟ್ಯಾಂಕಿನ ಒಳಗೆ ಇಳಿದು..."

"ವಿಶ್ರಾಂತಿ ಅಂದ್ರೇನಪ್ಪ?"

"ಅದೇ, ಸ್ವಲ್ಪ ಮಲಗೋದು."

"ನನ್ನ ಮಗಳು ಹಗಲು ಮಲಗಿದವಳಲ್ಲ ಕಣೋ. ಮೈ ಸುಡೋ ಜ್ವರದಲ್ಲೂ ಕೂತೇ ಇರ್ತಿದ್ಲು. ಅದನ್ನ ಬರೆದವನ ಮನೇಲಿ ಹಗಲು ಮಲಗೋರು ಯಾರಿದ್ದಾರೋ, ಅವರ ಹೆಬ್ಬೆಟ್ಟು ಒತ್ತಿಸ್ಕೊಳ್ಳಲಿ."

ಮೇಸ್ತ್ರಿ ಕೋಪಿಸಿಕೊಳ್ಳಲಿಲ್ಲ. ಅವನೂ ಇದೇ ಓಣಿಯವನು. ಅವನ ಅಪ್ಪನೂ ಇವರ ಅಪ್ಪನೂ ಒಂದೇ ಹಗ್ಗಕ್ಕೆ ಸೊಂಟ ಕೊಟ್ಟವರು. ಕಾಗದವನ್ನು ಜೇಬಿಗಿಟ್ಟುಕೊಂಡು, ಸಂಜೆಯ ಹೊತ್ತಿಗೆ ಯೋಚನೆ ಮಾಡಿ ಹೇಳು, ಈಗ ಕೆಲಸಕ್ಕಂತೂ ಕಳಿಸು ಅಂದ. ದೊಡ್ಡವಳು ಎದ್ದಳು. ಹೋಗಬೇಕು ಅಂತ ಎದ್ದದ್ದಲ್ಲ. ಎಂಟು ವರ್ಷ ಆ ಹೊತ್ತಿಗೆ ಎದ್ದ ಕಾಲುಗಳು, ಎದ್ದವು.

ಅವರ ಅಪ್ಪ ಗುಂಡಿಗೆ ಇಳಿಯುತ್ತಿದ್ದ. ಅಪ್ಪನ ಅಪ್ಪನೂ ಇಳಿಯುತ್ತಿದ್ದ. ಊರಿನ ಮನೆಗಳ ಹಿಂದೆ, ಆಸ್ಪತ್ರೆಯ ಹಿಂದೆ, ಮುಚ್ಚಳದ ಕೆಳಗೆ ತುಂಬಿಕೊಂಡದ್ದನ್ನು ಯಾರಾದರೂ ಎತ್ತಿ ಹಾಕಲೇಬೇಕಲ್ಲ. ಅದು ಇವರ ಪಾಲಿಗೆ ಬಂದಿತ್ತು. ಅದಕ್ಕೇ ಊರು ಇವರನ್ನು ಗುಂಡಿಯವರು ಅಂತ ಕರೆಯುತ್ತಿತ್ತು. ಗುಂಡಿ ಬಿಟ್ಟು ಬೇರೆ ಕೆಲಸಕ್ಕೆ ಹೋದವರನ್ನೂ ಗುಂಡಿಯವರು ಅಂತಲೇ ಕರೆಯುತ್ತಿತ್ತು.

ಗಂಡುಮಕ್ಕಳಿಲ್ಲದ ಅಪ್ಪ ಹೆಣ್ಣುಮಕ್ಕಳಿಬ್ಬರಿಗೂ ಗುಂಡಿಯ ಪಾಠ ಹೇಳಿಕೊಟ್ಟಿದ್ದ. ಮುಚ್ಚಳ ಸರಿಸಿದ ಮೇಲೆ ಒಂದು ಬೀಡಿ ಸೇದುವಷ್ಟು ಹೊತ್ತು ದೂರ ಕೂರಬೇಕು. ಆಮೇಲೆ ಬೋರಲು ಮಲಗಿ ಗುಂಡಿಯ ಬಾಯಿಗೆ ಮೂಗು ಕೊಡಬೇಕು. ಕೊಳೆತ ಮೊಟ್ಟೆಯ ವಾಸನೆ ಬಂದರೆ ಇಳಿಯಬಾರದು. ಕಣ್ಣು ಉರಿದರೆ ಇಳಿಯಬಾರದು. ಏನೂ ಬರದಿದ್ದರೆ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿಯಬಹುದು. ಓದಿದವರಿಗೆ ಪುಸ್ತಕ, ನಮಗೆ ಮೂಗು ಅನ್ನುತ್ತಿದ್ದ. ಅವನು ಸತ್ತದ್ದು ಹಾಸಿಗೆಯ ಮೇಲೆ. ಆ ಓಣಿಯಲ್ಲಿ ಅದು ನಾಲ್ಕು ಜನರ ಮುಂದೆ ಹೇಳಿಕೊಳ್ಳುವಂಥ ಸಾವು.

ಟ್ಯಾಂಕು ಒರೆಸಲು ಜನ ಬೇಕು ಅಂತ ಗುತ್ತಿಗೆದಾರ ಬಂದಾಗ ನೇರ ಈ ಓಣಿಗೇ ಬಂದಿದ್ದ. ಇವರು ಬಿಲದಲ್ಲಿ ಹುಟ್ಟಿದವರು, ಬಿಲಕ್ಕೆ ಹೆದರುವುದಿಲ್ಲ ಅಂದಿದ್ದನಂತೆ. ಟ್ಯಾಂಕಿನ ಬೆನ್ನ ಮೇಲೆ ಒಂದು ಮೊಳ ಅಗಲದ ದುಂಡು ಬಾಯಿ. ಅದರಲ್ಲಿ ಗಂಡಸರ ಭುಜ ಹಿಡಿಸುತ್ತಿರಲಿಲ್ಲ. ಅಕ್ಕತಂಗಿಯರಿಬ್ಬರೂ ಕಡ್ಡಿಯಂಥವರು. ಅಳೆದು ನೋಡಿ ಆರಿಸಿದರು, ಸಂತೆಯಲ್ಲಿ ಹೋರಿ ಆರಿಸಿದ ಹಾಗೆ.

ಕೆಲಸ ಹೇಳಿಕೊಳ್ಳಲು ದೊಡ್ಡದೇನಲ್ಲ. ಒಳಗೋಡೆಯಲ್ಲಿ ಒಂದು ಧೂಳಿನ ಕಣ, ಒಂದು ಕೂದಲು ಉಳಿಯಬಾರದು. ಉಳಿದರೆ ಅದು ಇಂಧನದ ಜೊತೆ ಹೋಗಿ ಎಲ್ಲೋ ಕೊಳವೆಗೆ ಸಿಕ್ಕಿಕೊಳ್ಳುತ್ತದೆ, ಅಷ್ಟು ದೂರ ಹೋಗಬೇಕಾದ ನೌಕೆ ಅರ್ಧ ದಾರಿಯಲ್ಲೇ ಹೋಗುತ್ತದೆ. ಹಾಗಾಗಿ ಇಳಿಯುವ ಮುಂಚೆ ಎರಡು ಸಲ ಸ್ನಾನ. ಉಗುರು ಕತ್ತರಿಸಬೇಕು, ತಲೆಗೆ ಬಿಗಿ ಟೋಪಿ, ಮೇಲಿಂದ ಕೆಳಗಿನವರೆಗೆ ಬಿಳಿ ಉಡುಪು. ಒಬ್ಬಾಕೆ ದೀಪ ಹಿಡಿದು ಕಿವಿಯ ಹಿಂದೆ, ಕುತ್ತಿಗೆಯ ಮಡಿಕೆಯಲ್ಲಿ ನೋಡುತ್ತಿದ್ದಳು. ಊರಿಗೆ ಹೊಲಸಾದ ಮೈಯನ್ನು ಇಲ್ಲಿ ಊರಿಗೇ ಚೊಕ್ಕವಾದ ಮೈ ಮಾಡಿ ಕಳಿಸುತ್ತಿದ್ದರು. ಒಳಗೆ ಅಂಗಾತ ಮಲಗಿ, ತೋಳೆತ್ತಿ, ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಒಂದೇ ದಿಕ್ಕಿಗೆ ಒರೆಸಬೇಕು. ಒಂದು ಒರೆತಕ್ಕೆ ಒಂದು ಮಡಿಕೆ. ಮಾತಾಡಿದರೆ ಉಗುಳು ಹಾರುತ್ತದೆ, ಮಾತಾಡಬಾರದು. ಸಂಜೆ ತೋಳು ಇಳಿಸಿದರೆ ಅದು ಇನ್ಯಾರದೋ ತೋಳಿನ ಹಾಗೆ ಜೋತಾಡುತ್ತಿತ್ತು. ಅನ್ನ ಕಲಸಲು ಆಗುತ್ತಿರಲಿಲ್ಲ. ಒಬ್ಬಳಿಗೆ ಇನ್ನೊಬ್ಬಳು ತುತ್ತು ಕೊಡುತ್ತಿದ್ದಳು.

ಟ್ಯಾಂಕು ಮಾಡುವ ಕಾರ್ಖಾನೆ ಒಂದು ಕಡೆ, ಹಾರಿಸುವ ಜಾಗ ಇನ್ನೊಂದು ಕಡೆ, ಇವರ ಊರಿನ ಪಕ್ಕ. ನಡುವೆ ಒಂಬತ್ತು ದಿನದ ದಾರಿ. ಟ್ಯಾಂಕಿಗೆ ಬಿಳಿ ಹೊದಿಕೆ ಹೊದಿಸಿ, ಲೆಕ್ಕವಿಲ್ಲದಷ್ಟು ಚಕ್ರಗಳ ಗಾಡಿಯ ಮೇಲೆ ಮಲಗಿಸಿ ತಂದರು. ಎತ್ತಿನ ಗಾಡಿ ಅದನ್ನು ಹಿಂದೆ ಹಾಕಿ ಹೋಗಬಹುದಿತ್ತು. ಮುಂದೆ ಒಬ್ಬ ಉದ್ದ ಗಳು ಹಿಡಿದು ಕರೆಂಟಿನ ತಂತಿ ಎತ್ತುತ್ತ ನಡೆಯುತ್ತಿದ್ದ. ಅಕ್ಕತಂಗಿಯರು ಹಿಂದಿನ ಗಾಡಿಯಲ್ಲಿ. ಗಾಡಿ ನಿಂತಲ್ಲೆಲ್ಲ ಹೊದಿಕೆಯ ಧೂಳು ಒರೆಸುವುದು, ಟ್ಯಾಂಕಿನ ಒಳಗಿನ ಒತ್ತಡ ತೋರುವ ಮೀಟರಿನ ಮುಳ್ಳು ಹಸಿರಿನಲ್ಲಿದೆಯೇ ನೋಡುವುದು ಅವರ ಕೆಲಸ. ಮುಳ್ಳು ಇಳಿದರೆ ಮೇಸ್ತ್ರಿ ಬಂದು ಸಿಲಿಂಡರ್ ತಿರುಗಿಸುತ್ತಿದ್ದ. ಒಳಗೆ ಏನು ತುಂಬ್ತೀಯಣ್ಣ ಅಂತ ಚಿಕ್ಕವಳು ಕೇಳಿದ್ದಳು. ತೇವ ಹೋಗದಿರಲಿ ಅಂತ ಒಣಗಾಳಿ ತುಂಬ್ತಾರೆ ಅಂದಿದ್ದ. ಅವನಿಗೆ ಯಾರೋ ಹಾಗೆ ಹೇಳಿದ್ದರು. ಅದು ಉಸಿರಾಡುವ ಗಾಳಿಯಲ್ಲ, ಎರಡು ಸಲ ಎಳೆದುಕೊಂಡರೆ ಮೂರನೆಯದು ಇರುವುದಿಲ್ಲ ಅಂತ ಹಾರಿಸುವ ಜಾಗದ ಕನ್ನಡಕದ ಇಂಜಿನಿಯರಿಗೆ ಗೊತ್ತಿತ್ತು. ಅವರ ಕಚೇರಿಗೆಲ್ಲ ಗೊತ್ತಿತ್ತು. ಸಿಲಿಂಡರಿನ ಮೇಲೂ ಬರೆದಿತ್ತು, ಇವರಿಗೆ ಬಾರದ ಭಾಷೆಯಲ್ಲಿ.

ಚಿಕ್ಕವಳಿಗೆ ಬಾಯಿ ಜಾಸ್ತಿ. ಉಬ್ಬು ಬಂದಾಗಲೆಲ್ಲ ಗಾಡಿ ನಿಂತು, ನಾಲ್ಕು ಜನ ಇಳಿದು, ಹಲಗೆ ಕೊಟ್ಟು, ಇಂಚಿಂಚೇ ಇಳಿಸುವುದನ್ನು ನೋಡಿ ನಗುತ್ತಿದ್ದಳು. "ಇವಳಿಗೆ ಎಷ್ಟನೇ ತಿಂಗಳು ಅಂತ ಕೇಳು ಅಕ್ಕ. ನಮ್ಮವ್ವ ನನ್ನ ಹೆತ್ತ ದಿನ ಮಧ್ಯಾಹ್ನದವರೆಗೂ ಬುಟ್ಟಿ ಹೊತ್ತಿದ್ಲಂತೆ." ಗಳು ಹಿಡಿದವನೂ ನಗುತ್ತಿದ್ದ. ಊಟಕ್ಕೆ ನಿಂತಲ್ಲಿ ಡ್ರೈವರುಗಳು ಹೋಟೆಲಿನ ಒಳಗೆ ಹೋಗುತ್ತಿದ್ದರು. ಇವರು ಯಾವ ಓಣಿಯವರು ಅಂತ ಜೊತೆಯವರೇ ಹೇಳಿಬಿಡುತ್ತಿದ್ದರು. ಇಬ್ಬರಿಗೂ ತಟ್ಟೆ ಹೊರಗೆ ಬರುತ್ತಿತ್ತು. ಚಕ್ರದ ನೆರಳಿನಲ್ಲಿ ಕೂತು ಉಣ್ಣುತ್ತಿದ್ದರು. ಶಾಲೆಯ ಮಕ್ಕಳು ಸಾಲಾಗಿ ಬಂದು ಟ್ಯಾಂಕು ನೋಡಿ ಚಪ್ಪಾಳೆ ತಟ್ಟಿ ಹೋಗುತ್ತಿದ್ದರು.

ಒಂದು ಹಳೆಯ ಸೇತುವೆ ಭಾರ ತಡೆಯುತ್ತದೋ ಇಲ್ಲವೋ ಅಂತ ನೋಡುವುದರಲ್ಲಿ ಎರಡು ದಿನ ಹೋಯಿತು. ಹನ್ನೊಂದನೆಯ ದಿನ ಟ್ಯಾಂಕು ಹಾರಿಸುವ ಜಾಗದ ಬಿಳಿ ಶೆಡ್ಡಿಗೆ ಬಂತು. ಹೋದ ಎರಡು ದಿನವನ್ನು ಎಲ್ಲಿಂದಾದರೂ ಕಿತ್ತುಕೊಳ್ಳಬೇಕಿತ್ತು. ಒಳಗಿನ ಗಾಳಿ ಬದಲಿಸಲು ಇಡೀ ಒಂದು ಪಾಳಿ ಕೊಳವೆ ಹಾಕಿಡಬೇಕು ಅಂತ ನಿಯಮ. ಒಂದು ಗಂಟೆ ಹಾಕಿ ತೆಗೆದರು. ಗಾಳಿ ಅಳೆಯುವ ಡಬ್ಬಿ ಆಚೆ ಕಟ್ಟಡದ ಬೀರುವಿನಲ್ಲಿತ್ತು, ಬೀರುವಿನ ಕೀಲಿಯವನು ಊಟಕ್ಕೆ ಹೋಗಿದ್ದ. ಹಗ್ಗ ನೂಲು ಉದುರಿಸುತ್ತದೆ ಅಂತ ಹಗ್ಗ ಮೊದಲಿನಿಂದಲೂ ಇರಲಿಲ್ಲ. ಇಂಜಿನಿಯರು ಗಡಿಯಾರ ನೋಡಿಕೊಂಡು ಮೇಸ್ತ್ರಿಗೆ, ಇನ್ನೂ ಯಾಕೆ ನಿಂತಿದ್ದೀರಿ ಅಂದರು. ಮೇಸ್ತ್ರಿ ಚಿಕ್ಕವಳಿಗೆ, ಗಾಳಿ ಬದಲಾಗಿದೆ, ಇಳಿ ಅಂದ.

ಚಿಕ್ಕವಳು ಕೂಡಲೇ ಇಳಿಯಲಿಲ್ಲ. ಅಪ್ಪನ ಮಗಳು. ಬೋರಲು ಮಲಗಿ ಟ್ಯಾಂಕಿನ ಬಾಯಿಗೆ ಮೂಗು ಕೊಟ್ಟಳು. ಎದ್ದು, "ಅಕ್ಕ, ಏನೂ ವಾಸನೆ ಇಲ್ಲ, ಮಳೆನೀರಿನ ಹಾಗಿದೆ" ಅಂದಳು. ದೊಡ್ಡವಳೂ ಬಗ್ಗಿ ಮೂಸಿದಳು. ನಿಜವಾಗಿಯೂ ಏನೂ ಇರಲಿಲ್ಲ.

"ಸರಿ, ಇಳಿ" ಅಂದಳು.

ಮೇಲಿನಿಂದ ನೋಡುತ್ತಿದ್ದಳು. ಚಿಕ್ಕವಳು ಏಣಿಯ ಕೊನೆಯ ಮೆಟ್ಟಿಲು ಬಿಟ್ಟು, ಚೀಲದಿಂದ ಒಂದು ಬಟ್ಟೆ ತೆಗೆದು ಗೋಡೆಗೆ ಕೈ ಇಟ್ಟಳು. ಬಿದ್ದುಹೋದದ್ದನ್ನು ಹುಡುಕುವವಳ ಹಾಗೆ ಮಂಡಿಯೂರಿದಳು. ಆಮೇಲೆ ಮಲಗಿದಳು. ಕೂಗಲಿಲ್ಲ, ಒದ್ದಾಡಲಿಲ್ಲ. ದೊಡ್ಡವಳು ಹಾರಲು ಹೋದಾಗ ಇಬ್ಬರು ಹಿಡಿದುಕೊಂಡರು. ಮುಖವಾಡ ಹಾಕಿಕೊಂಡವನೊಬ್ಬ ಒಂದೊಂದೇ ಭುಜ ತೂರಿಸಿ ಹೇಗೋ ಇಳಿದು ಎತ್ತುವ ಹೊತ್ತಿಗೆ, ಕೀಲಿಯವನು ಊಟ ಮುಗಿಸಿ ಕೈತೊಳೆದುಕೊಂಡು ಬಂದಾಗಿತ್ತು.

ಅಂದಿನಿಂದ ದೊಡ್ಡವಳ ತಲೆಯಲ್ಲಿ ಎರಡೇ ಮಾತು. ಸರಿ, ಇಳಿ. ಬೇರೆ ಯಾವುದಕ್ಕೂ ಅಲ್ಲಿ ಜಾಗವಿರಲಿಲ್ಲ.

ಇವತ್ತು ಬಿಳಿ ಶೆಡ್ಡಿನಲ್ಲಿ ಎಲ್ಲವೂ ಇತ್ತು. ಒಂದು ಹಗಲು ಒಂದು ರಾತ್ರಿ ಓಡಿದ ಗಾಳಿಯ ಕೊಳವೆ ಇನ್ನೂ ಓಡುತ್ತಿತ್ತು. ಅಳೆಯುವ ಡಬ್ಬಿ ಬಾಯಿಯ ಪಕ್ಕದಲ್ಲೇ ಕೂತು ಗುಬ್ಬಿಯ ಹಾಗೆ ಚಿಂವ್ ಚಿಂವ್ ಅನ್ನುತ್ತಿತ್ತು. ಸೊಂಟಕ್ಕೆ ನೂಲು ಉದುರದ ಪಟ್ಟಿ ಬಂದಿತ್ತು. ಮುಖವಾಡದವರು ಇಬ್ಬರು ಕಾದು ನಿಂತಿದ್ದರು. ಇಷ್ಟೂ ಮೂರು ದಿನದಲ್ಲಿ ಸಿಕ್ಕವು. ಎಂಟು ವರ್ಷದಲ್ಲಿ ಸಿಕ್ಕಿರಲಿಲ್ಲ.

ಟ್ಯಾಂಕಿನ ಬಾಯಿಯ ಸುತ್ತ ಕಟ್ಟಿದ ಅಟ್ಟದ ಮೇಲೆ ಗುಮಾಸ್ತ ಪುಸ್ತಕ ಇಟ್ಟುಕೊಂಡು ಕೂತಿದ್ದ. ಒಳಗೆ ಏನು ಹೋಯಿತು, ಏನು ಬಂತು ಬರೆಯುವವನು. ಮುದುಕ, ಹೆದರುಪುಕ್ಕಲ. ಚಿಕ್ಕವಳು ಅವನನ್ನು ಮಾವ ಅಂತ ಕರೆದು, ನನ್ನ ತೂಕವನ್ನೂ ಬರ್ಕೋ ಮಾವ, ಒಳಗೆ ಕರಗಿದ್ದು ಗೊತ್ತಾಗಲಿ ಅಂತ ಕಾಡುತ್ತಿದ್ದಳು. ಅವನು ಇವತ್ತಿನ ಹಾಳೆಗೆ ಗೆರೆ ಎಳೆಯುತ್ತಿದ್ದ. ಎದುರಿಗಿದ್ದದ್ದು ಚಿಕ್ಕವಳು ಇಳಿದ ದಿನದ ಹಾಳೆ. ದೊಡ್ಡವಳು ಒಂದೊಂದೇ ಅಕ್ಷರ ಕೂಡಿಸಿ ಓದಬಲ್ಲಳು. ಓದಿದಳು. "ಒಳಗಿನ ಕೆಲಸ ಇಲ್ಲ. ಬಟ್ಟೆ ಕೊಟ್ಟಿಲ್ಲ." ಅವಳ ತುಟಿ ಅಲ್ಲಾಡುವುದನ್ನು ಕಂಡು ಗುಮಾಸ್ತ ಹಾಳೆಯ ಮೇಲೆ ಅಂಗೈ ಇಟ್ಟ. ತಲೆ ಎತ್ತಲಿಲ್ಲ. ಏಳು ಬಟ್ಟೆಯ ಪೊಟ್ಟಣ ಅವಳ ಮುಂದೆ ತಳ್ಳಿದ. ಎಣಿಸಿ ಸೊಂಟದ ಚೀಲಕ್ಕೆ ಹಾಕಿಕೊಂಡು ಅವಳು ಇಳಿದಳು.

ಒಳಗೆ ಬೆಳ್ಳಿಯ ಬೆಳಕು. ತನ್ನದೇ ಮುಖ ಗೋಡೆಯ ತುಂಬ ಉದ್ದಕ್ಕೆ ಎಳೆದುಕೊಂಡು ಕಾಣುತ್ತಿತ್ತು. ಎದೆಯ ಮಟ್ಟದಲ್ಲಿ ನಾಲ್ಕು ಬೆರಳಿನ ಗುರುತಿತ್ತು, ಮೇಲಿನಿಂದ ಕೆಳಕ್ಕೆ ಜಾರಿದ್ದು. ಕೆಳಗೆ ತಳದಲ್ಲಿ ಉಗುಳು ಒಣಗಿದ ಕಲೆ, ಎಲೆಯಷ್ಟು. ದೊಡ್ಡವಳು ಬಟ್ಟೆ ತೆಗೆದಳು. ಬೆರಳುಗಳನ್ನು ಒರೆಸಿದಳು. ಒಂದೇ ದಿಕ್ಕಿಗೆ. ಮಡಿಸಿದಳು. ಮತ್ತೆ ಒರೆಸಿದಳು. ಕಲೆಯನ್ನು ಒರೆಸಿದಳು. ಏನೂ ಅನ್ನಿಸಲಿಲ್ಲ. ಪಾತ್ರೆ ತಿಕ್ಕಿದ ಹಾಗಿತ್ತು. ಅಂಗಾತ ಮಲಗಿ ಮೇಲ್ಗಡೆ ಶುರುಮಾಡಿದಳು. ಭುಜ ಉರಿಯತೊಡಗಿತು, ಉರಿಯುವುದು ನಿಂತಿತು, ತೋಳು ಇನ್ಯಾರದೋ ಆಯಿತು.

ಇಂಧನ ತುಳುಕಬಾರದು ಅಂತ ಟ್ಯಾಂಕಿನ ಒಳಗೋಡೆಗೆ ಸುತ್ತಲೂ ಬಳೆ ಹಾಕಿದ ಹಾಗೆ ಅಗಲವಾದ ಪಟ್ಟಿಗಳಿರುತ್ತವೆ. ಪಟ್ಟಿಗೂ ಗೋಡೆಗೂ ನಡುವೆ ಎರಡು ಬೆರಳು ಸಂದು. ಅದನ್ನು ಒರೆಸುವಾಗ ದೀಪ ಓರೆಯಾಗಿ ಹಿಡಿಯಬೇಕು. ಹಿಡಿದಳು. ತಳದ ಪಟ್ಟಿಯ ಸಂದಿನಲ್ಲಿ ಬಿಳಿಯದೇನೋ ಇತ್ತು. ಬೆರಳು ಹಾಕಿ ಎಳೆದಳು.

ಒರೆಸುವ ಬಟ್ಟೆ. ಒಂದು ಮಡಿಕೆ ಮಾತ್ರ ಮಡಿಸಿತ್ತು. ಅಂಚಿನಲ್ಲಿ ಗುಮಾಸ್ತನ ಕೈಬರಹದಲ್ಲಿ ಪೊಟ್ಟಣದ ನಂಬರು.

ದೊಡ್ಡವಳು ಅದನ್ನು ದೀಪದ ಮುಂದೆ ಹಿಡಿದುಕೊಂಡು ಸ್ವಲ್ಪ ಹೊತ್ತು ಕೂತಳು. ಮೇಲಿನಿಂದ ಮೇಸ್ತ್ರಿ, ಏನಾಯ್ತು, ಸುಸ್ತಾಯ್ತಾ ಅಂತ ಕೇಳಿದ. ಇಲ್ಲ ಅಂತ ಕೈಯಾಡಿಸಿದಳು. ಬಟ್ಟೆಯನ್ನು ಚೀಲಕ್ಕೆ ಹಾಕಿಕೊಂಡು ಉಳಿದ ಅರ್ಧ ಗೋಡೆ ಒರೆಸಿದಳು. ಒರೆಸದೆ ಬಿಡಲಿಲ್ಲ, ಅವಸರವನ್ನೂ ಮಾಡಲಿಲ್ಲ. ಮೇಲೆ ಬಂದಾಗ ಮಧ್ಯಾಹ್ನ ತಿರುಗಿತ್ತು.

ಟ್ಯಾಂಕು ಮುಚ್ಚುವ ಮುಂಚೆ ಎಣಿಕೆ. ಇಳಿದವಳು ಒಂದೊಂದೇ ಬಟ್ಟೆ ತೆಗೆದು ಸ್ಟೀಲಿನ ತಟ್ಟೆಗೆ ಹಾಕುತ್ತ ಗಟ್ಟಿಯಾಗಿ ಎಣಿಸಬೇಕು. ಆ ಹೊತ್ತಿನಲ್ಲಿ ಶೆಡ್ಡಿನಲ್ಲಿ ಬೇರೆ ಯಾರೂ ಮಾತಾಡಬಾರದು, ಯಂತ್ರ ಓಡಿಸಬಾರದು. ಇಂಜಿನಿಯರಾದರೂ ಬಾಯಿ ಮುಚ್ಚಿಕೊಂಡು ನಿಲ್ಲಬೇಕು. ಹೋದಷ್ಟು ಬಂದರೆ ಗುಮಾಸ್ತ ಬರೆಯುತ್ತಾನೆ, ಮುಚ್ಚಳ ಕೂರಿಸುತ್ತಾರೆ. ಲೆಕ್ಕ ಕೂಡದಿದ್ದರೆ ಕೂಡುವವರೆಗೆ ಮುಚ್ಚುವ ಹಾಗಿಲ್ಲ. ಅಕ್ಕತಂಗಿಯರ ದನಿಗೆ ಊರಲ್ಲಿ ಎಲ್ಲಾದರೂ ಬೆಲೆ ಇದ್ದರೆ ಅದು ಈ ಅಟ್ಟದ ಮೇಲೆ, ಒಂದರಿಂದ ಏಳು ಎಣಿಸುವಷ್ಟು ಹೊತ್ತು.

ಎಲ್ಲರೂ ನಿಂತರು. ಇಂಜಿನಿಯರು, ಗುಮಾಸ್ತ, ಮೇಸ್ತ್ರಿ, ದೀಪದ ಹೆಂಗಸು, ಮುಖವಾಡದವರು, ಮುಚ್ಚಳ ಹಿಡಿದ ಇಬ್ಬರು. ಮೆತ್ತನೆಯ ಸುತ್ತುಪಟ್ಟಿ ತೆಗೆದು ಟ್ಯಾಂಕಿನ ಬಾಯಿಯನ್ನು ಬರಿದು ಮಾಡಿದ್ದರು.

"ಒಂದು" ಅಂದಳು ದೊಡ್ಡವಳು. ಬಟ್ಟೆ ತಟ್ಟೆಗೆ ಬಿತ್ತು. "ಎರಡು." ಏಳರವರೆಗೆ ಹೋದಳು. ಗುಮಾಸ್ತ ಬರೆಯಲು ಪೆನ್ನು ಊರಿದ.

"ಎಂಟು."

ಗುಮಾಸ್ತನ ಪೆನ್ನು ಊರಿದಲ್ಲೇ ನಿಂತಿತು. ಮೇಸ್ತ್ರಿಯೇ ಮೊದಲು ಬಾಯಿಬಿಟ್ಟ. ಕಾರ್ಖಾನೆಯಿಂದ ಬರುವಾಗಲೇ ಒಂದು ಹಳೆಯದು ಉಳಿದಿತ್ತೇನೋ ಸಾರ್ ಅಂತ ನಗಲು ನೋಡಿದ.

"ಅಂಚಲ್ಲಿ ನಂಬರಿದೆ" ಅಂದಳು ದೊಡ್ಡವಳು. "ಓದು ಮಾವ."

ಗುಮಾಸ್ತ ಬಟ್ಟೆ ತಿರುವಿ ನೋಡಿದ. ಅವನ ಕೈ ಅವನಿಗೆ ಗೊತ್ತಾಗದೆ ಇರುತ್ತದೆಯೇ. "ನೂರ ಹದಿನಾರು" ಅಂದ.

"ಇವತ್ತಿಂದು?"

"ನೂರ ಹದಿನೇಳು."

"ನೂರ ಹದಿನಾರು ಯಾವತ್ತು ಕೊಟ್ಟೆ, ಯಾರಿಗೆ ಕೊಟ್ಟೆ?"

ಅವನು ಅವತ್ತಿನ ಹಾಳೆಯ ಮೇಲೆ ಮತ್ತೆ ಅಂಗೈ ಇಟ್ಟ. ಇಳಿ ಅಂತ ಹೇಳದೆ ಯಾರಿಗೂ ಪೊಟ್ಟಣ ಕೊಡುವುದಿಲ್ಲ ಅಂತ ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಮಲಗಲು ಹೋಗುವವಳು ಬಟ್ಟೆ ಎಣಿಸಿಕೊಂಡು ಹೋಗುವುದಿಲ್ಲ.

ಇಂಜಿನಿಯರು ಒಳ್ಳೆಯ ಮಾತಿನವರು. ಎಂದೂ ಗದರಿದವರಲ್ಲ. ಈಗಲೂ ಮೆಲ್ಲಗೆ, "ಕೆಳಗೆ ಬಾಮ್ಮ, ಆಫೀಸಲ್ಲಿ ಕೂತು ಮಾತಾಡೋಣ. ನಿಂಗೇನು ಬೇಕೋ ಹೇಳು" ಅಂದರು.

"ಎಂಟು ಅಂತ ಬರೀಲಿ. ಅವತ್ತಿಂದೂ ಬರೀಲಿ. ಅವಳು ಇಳಿದಿದ್ದು, ಇಳಿಸಿದ್ದು."

ಮೇಸ್ತ್ರಿ ಹತ್ತಿರ ಬಂದು ಕಿವಿಯಲ್ಲಿ ಹೇಳಿದ ಹಾಗೆ ಹೇಳಿದ. ಮನೆ ಹೋಗುತ್ತೆ ತಂಗಿ. ಅವ್ವ ಬೀದಿಗೆ ಬರ್ತಾಳೆ. ಸತ್ತವಳು ಹೇಗೂ ಬರಲ್ಲ, ಒಂದು ಅಂಗೈ ಬಟ್ಟೆಗೆ ಇದ್ದವರ ಬಾಳು ಯಾಕೆ ಸುಟ್ಕೊಳ್ತೀಯ. ಅವನ ದನಿಯಲ್ಲಿ ಬೆದರಿಕೆ ಇರಲಿಲ್ಲ, ಬೇಡಿಕೆ ಇತ್ತು.

ದೊಡ್ಡವಳು ಅವನ ಕಡೆ ತಿರುಗಿದಳು. ಮೂರು ದಿನದಲ್ಲಿ ಮೊದಲ ಸಲ ಯಾರನ್ನಾದರೂ ನೆಟ್ಟಗೆ ನೋಡಿದ್ದು.

"ನೀನು ಇಳಿ ಅಂದೆ. ನಾನೂ ಇಳಿ ಅಂದೆ. ನಾನು ಅಂದಿದ್ದನ್ನ ನಾನು ಎಲ್ಲಿ ಬೇಕಾದ್ರೂ ಹೇಳ್ತೀನಿ ಅಣ್ಣ. ನೀನು ಅಂದಿದ್ದನ್ನ ನೀನು ಹೇಳು."

ಅಷ್ಟು ಹೇಳಿ, ಹೋಗಿ ಟ್ಯಾಂಕಿನ ಬಾಯಿಯ ಬರಿ ಅಂಚಿನ ಮೇಲೆ ಕೂತಳು. ಎರಡೂ ಕಾಲು ಒಳಗೆ ಇಳಿಬಿಟ್ಟಳು. ಬಾವಿಕಟ್ಟೆಯ ಮೇಲೆ ಕೂತವಳ ಹಾಗೆ ಕೈ ತೊಡೆಯ ಮೇಲಿಟ್ಟುಕೊಂಡಳು.

ಕಾವಲಿನವರಿಬ್ಬರು ಅಟ್ಟ ಹತ್ತಿ ಬಂದು ಆಚೆ ಈಚೆ ತೋಳಿಗೆ ಕೈ ಹಾಕಿದರು. "ಮುಟ್ಟಬೇಡಿ" ಅಂತ ಇಂಜಿನಿಯರು ಕಿರುಚಿದರು. ಅವರು ದನಿ ಎತ್ತಿದ್ದನ್ನು ಶೆಡ್ಡು ಇವತ್ತೇ ಮೊದಲು ಕೇಳಿದ್ದು. ಕಾವಲಿನವರು ಕೈ ಬಿಟ್ಟರು. ಆ ಅಂಚನ್ನು ಕನ್ನಡಿಯ ಹಾಗೆ ತೀಡಿರುತ್ತಾರೆ. ಮುಚ್ಚಳ ಅದರ ಮೇಲೆ ಉಸಿರು ಹೋಗದ ಹಾಗೆ ಕೂರಬೇಕು. ಎಳೆದಾಟದಲ್ಲಿ ಸೊಂಟದ ಪಟ್ಟಿಯ ಕೊಂಡಿ ತಗುಲಿ ಕೂದಲಿನಷ್ಟು ಗೀರು ಬಿದ್ದರೂ ಟ್ಯಾಂಕು ಕಾರ್ಖಾನೆಗೆ ವಾಪಸ್ಸು, ಮತ್ತೆ ಒಂಬತ್ತು ದಿನದ ದಾರಿ. ದೊಡ್ಡವಳಿಗೆ ಅದು ಗೊತ್ತಿತ್ತು. ಎಂಟು ವರ್ಷ ಆ ಅಂಚನ್ನು ಉಗುರೂ ತಾಗದ ಹಾಗೆ ದಾಟಿದವಳು ಅವಳು. ಊರಿನ ಯಾವ ಕಟ್ಟೆಯ ಮೇಲೆ ಕೂತಿದ್ದರೂ ಜುಟ್ಟು ಹಿಡಿದು ಎಳೆಯುತ್ತಿದ್ದರು. ಇಲ್ಲಿ ಯಾರೂ ಹತ್ತಿರ ಬರಲಿಲ್ಲ.

ಹೊತ್ತು ಹೋಯಿತು. ಇಂಜಿನಿಯರು ಗಾಜಿನ ಕೋಣೆಗೆ ಹೋಗಿ ಫೋನು ಹಿಡಿದರು. ಬಂದರು, ಮತ್ತೆ ಹೋದರು. ಗುತ್ತಿಗೆದಾರನೇ ಬಂದು ಕೆಳಗಿನಿಂದ ಕೂಗಾಡಿ, ನಿಮ್ಮಪ್ಪನ ಗುಂಡಿ ಅಂದ್ಕೊಂಡ್ಯಾ ಅಂದ. ಅವಳು ಅದಕ್ಕೂ ತಿರುಗಲಿಲ್ಲ. ದೀಪದ ಹೆಂಗಸು ಒಂದು ಲೋಟ ನೀರು ತಂದಳು. ಒಳಗೆ ಹನಿ ಬೀಳುತ್ತದೆ ಅಂತ ಅದನ್ನು ಅರ್ಧದಲ್ಲೇ ತಡೆದರು. ಮೇಸ್ತ್ರಿ ಅಟ್ಟದ ಕಂಬಕ್ಕೆ ಒರಗಿ ಕೂತಿದ್ದ. ಕಾಗದ ಅವನ ಜೇಬಿನಿಂದ ಅರ್ಧ ಇಣುಕುತ್ತಿತ್ತು.

ಗಾಜಿನ ಕೋಣೆಯಲ್ಲಿ ಏನು ತೂಗಿ ನೋಡಿದರೋ ದೊಡ್ಡವಳಿಗೆ ಕೇಳಿಸಲಿಲ್ಲ. ಕೇಳಿಸದಿದ್ದರೂ ತಿಳಿಯುತ್ತಿತ್ತು. ಒಂದು ತಟ್ಟೆಯಲ್ಲಿ ತಾರೀಖು, ಇನ್ನೊಂದರಲ್ಲಿ ಗುತ್ತಿಗೆದಾರ. ಚಿಕ್ಕವಳು ಯಾವ ತಟ್ಟೆಯಲ್ಲೂ ಇರಲಿಲ್ಲ. ಸಂಜೆಯ ಪಾಳಿಯವರು ಬಂದು ಕೆಳಗೆ ಗುಂಪಾಗಿ ನಿಂತ ಮೇಲೆ ಇಂಜಿನಿಯರು ಮೇಲೆ ಹತ್ತಿ, ಮುಚ್ಚಳ ಎತ್ತಿಕೊಳ್ಳಿ ಅಂತ ಸನ್ನೆ ಮಾಡಿ, ಗುಮಾಸ್ತನಿಗೆ ಬರೀರಿ ಅಂದರು.

ಗುಮಾಸ್ತ ಅವತ್ತಿನ ಹಾಳೆ ತೆಗೆದ. ಮೊದಲಿನ ಸಾಲಿಗೆ ಗೆರೆ ಎಳೆದ. ಅಕ್ಷರ ಎಂದಿನ ಹಾಗೆ ದುಂಡಗೆ ಬಂತು. ಬರೆದದ್ದನ್ನು ಓದಿ ಹೇಳಿದ. ಮೇಸ್ತ್ರಿಯ ಆದೇಶದಂತೆ ಒಳಗಿನ ಕೆಲಸಕ್ಕೆ ಒಬ್ಬಳು ಇಳಿದಿದ್ದಾಳೆ. ಬಟ್ಟೆ ಏಳು, ಪೊಟ್ಟಣ ನೂರ ಹದಿನಾರು. ಒಳಗೇ ತೀರಿಕೊಂಡಿದ್ದಾಳೆ.

"ಗಾಳಿ ಅಳೆಯೋ ಡಬ್ಬಿ?" ಅಂದಳು ದೊಡ್ಡವಳು.

ಗುಮಾಸ್ತ ಇಂಜಿನಿಯರ ಕಡೆ ನೋಡಿದ. ಡಬ್ಬಿ ಮೇಸ್ತ್ರಿಯದಲ್ಲ, ಗುತ್ತಿಗೆದಾರನದೂ ಅಲ್ಲ. ಅದು ಅವರ ಕಚೇರಿಯ ಬೀರುವಿನದು. ಇಂಜಿನಿಯರು ಕನ್ನಡಕ ತೆಗೆದು ಒರೆಸಿಕೊಂಡರು. ಬಹಳ ಹೊತ್ತು ಒರೆಸಿದರು. ಮುಚ್ಚಳ ಹಿಡಿದವರು ಭಾರಕ್ಕೆ ಕೈ ಬದಲಿಸಿದರು.

"ಅದನ್ನೂ ಬರೀರಿ."

ಗಾಳಿ ಅಳೆದಿಲ್ಲ ಅಂತ ಗುಮಾಸ್ತ ಬರೆದ. ಇತ್ತ ಕೊಡು ಅಂತ ದೊಡ್ಡವಳು ಕೈಚಾಚಿದಳು. ಅವನು ಪುಸ್ತಕವನ್ನು ಅವಳ ಎದುರಿಗೆ ಎತ್ತಿ ಹಿಡಿದ. ಅವಳು ಒಂದೊಂದೇ ಅಕ್ಷರ ಕೂಡಿಸಿ, ಸದ್ದು ಮಾಡಿಕೊಂಡು, ಮೊದಲಿನಿಂದ ಕೊನೆಯವರೆಗೆ ಓದಿದಳು. ತಪ್ಪಿದಲ್ಲಿ ಹಿಂದೆ ಹೋಗಿ ಮತ್ತೆ ಓದಿದಳು. ಸಂಜೆಯ ಪಾಳಿಯವರು ಕೆಳಗೆ ನಿಂತು ಕೇಳಿದರು. ಇಂಜಿನಿಯರು ರುಜು ಹಾಕಿದರು. ಮೇಸ್ತ್ರಿಯನ್ನು ಕರೆದರು. ಅವನು ಅವಳ ಕಡೆ ನೋಡದೆ ಹಾಕಿದ. ಕೊನೆಗೆ ದೊಡ್ಡವಳ ಹೆಬ್ಬೆಟ್ಟು.

"ಬರೆದಾಯ್ತಲ್ಲಮ್ಮ" ಅಂದರು ಇಂಜಿನಿಯರು. "ಇನ್ನು ಏಳು."

ಅವಳು ಏಳಲು ನೋಡಿದಳು. ಸೊಂಟದಿಂದ ಕೆಳಗೆ ಏನೂ ಇದ್ದಂತಿರಲಿಲ್ಲ. ತೊಡೆಯ ಮೇಲೆ ಗುದ್ದಿದಳು, ಮರಕ್ಕೆ ಗುದ್ದಿದ ಹಾಗಾಯಿತು. ಇನ್ನೊಮ್ಮೆ ಗುದ್ದಿದಳು. ಆಗ ಹಿಮ್ಮಡಿಯಲ್ಲಿ ಎಲ್ಲೋ ಒಂದು ಸೂಜಿ ಚುಚ್ಚಿತು. ಆಮೇಲೆ ಹತ್ತು, ಆಮೇಲೆ ಕಾಲಿನ ತುಂಬ. ನೋವು ಮೊಣಕಾಲು ಹತ್ತಿ, ತೊಡೆ ಹತ್ತಿ ಮೇಲೆ ಬರತೊಡಗಿತು. ಅವಳ ಬಾಯಿಂದ ಅಯ್ಯೋ ಅಂತ ಬಂತು. ಬಂದದ್ದು ನಿಲ್ಲಲಿಲ್ಲ. ಟ್ಯಾಂಕಿನ ಒಳಗೆ ಹನಿ ಬೀಳದ ಹಾಗೆ ಮುಖವನ್ನು ಪಕ್ಕಕ್ಕೆ ತಿರುಗಿಸಿಕೊಂಡಳು, ಎಂಟು ವರ್ಷದ ಅಭ್ಯಾಸ. ಆಮೇಲೆ ಏನೋ ನೆನಪಾದವಳ ಹಾಗೆ ಮುಖವನ್ನು ನೇರ ತಂದು, ಕಣ್ಣು ಮೂಗು ಸುರಿಯುವುದನ್ನು ಒಳಕ್ಕೇ ಸುರಿಯಲು ಬಿಟ್ಟಳು.

ಯಾರೋ ಬಾಯಿ ತೆರೆದರು. ಇಂಜಿನಿಯರು ಕೈಯೆತ್ತಿ ತಡೆದರು.

"ಏಳ್ತೀನಿ" ಅಂದಳು ದೊಡ್ಡವಳು. "ಜೋಮು ಬಿಡಲಿ."

ಮುಚ್ಚಳ ಹಿಡಿದವರು ಅದನ್ನು ಕೆಳಗಿಟ್ಟು, ಕಾದರು.